ಬಾಗಿಲಲ್ಲಿ ಬೋರಲಾದ ಮಂಕರಿ

೧೯೮೩ ಇರಬೇಕು, ೮೪ ಕೂಡ ಆಗಿರಬಹುದು. ಆಗ ನಾನು ಕೋಲಾರದ ಆಸ್ಪತ್ರೆಯೊಂದರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯ ಆರಂಭದಲ್ಲಿರುವವರಿಗೆ, ಉಳಿದ ಶಕ್ತಿಯಲ್ಲೇ ದಿನದ ಕೆಲಸ ನಡೆಸಿಕೊಳ್ಳಲು ಕಲಿಸುವ ತರಬೇತಿಯನ್ನು ಈಗ ಕಾಗ್ನಿಟಿವ್ ರಿಹ್ಯಾಬಿಲಿಟೇಶನ್ ಅನ್ನುತ್ತಾರೆ. ಆಗ ಅದು ನನ್ನ ಕೋಣೆಯವರೆಗೆ ಬಸ್ಸಿನಲ್ಲಿ ಬರಬಲ್ಲವರಿಗೆ ಮಾತ್ರ ಸಿಗುತ್ತಿತ್ತು.

ಶ್ರೀನಿವಾಸಪುರದಾಚೆಯ ಹಳ್ಳಿಯಿಂದ ಮುನಿಯಮ್ಮನನ್ನು ಸೊಸೆ ಸರೋಜ ಕರೆತಂದಿದ್ದಳು. ಅರವತ್ತರ ಆಸುಪಾಸಿನ ಮುನಿಯಮ್ಮ ನಾನು ತೋರಿಸಿದ ಚಿತ್ರದ ಕಾರ್ಡುಗಳನ್ನು ಮಗುಚಿಟ್ಟರು.

"ಇವೆಲ್ಲ ನಂಗ್ಯಾಕಪ್ಪ? ಹುಳದ ಮನೆಗೆ ಬಿಡ್ತಾಳಾ ಕೇಳು."

"ಬಿಟ್ಟಿದ್ದಕ್ಕೇ ಹೋದ ಬೆಳೆ ತಿಪ್ಪೆಗೆ ಹೋಯ್ತು ಸಾರ್," ಎಂದಳು ಸರೋಜ. "ಜ್ವರದಲ್ಲಿ ಸೊಪ್ಪು ಹಾಕ್ಬಿಟ್ರು."

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ, ತಲೆಯೆತ್ತಿ ಅಲುಗದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಹಿಪ್ಪುನೇರಳೆ ಸೊಪ್ಪು ಹಾಕಿದರೆ ತಟ್ಟೆಯಲ್ಲಿ ತೇವ ನಿಂತು ಹುಳು ಕೆಡುತ್ತದೆ. ಮುನಿಯಮ್ಮನಿಗೆ ಇದು ಚೆನ್ನಾಗಿ ಗೊತ್ತಿತ್ತು. ಇವತ್ತು ಜ್ವರ ಅನ್ನುವುದಷ್ಟೇ ಮರೆಯುತ್ತಿತ್ತು. ಹುಳುವಿನ ಮನೆಗೆ ಬೀಗ ಬಿದ್ದಿತ್ತು. ಅವರು ದಿನವಿಡೀ ಅದರ ಮುಂದೆ ಕೂತಿರುತ್ತಿದ್ದರಂತೆ.

ತಾಲ್ಲೂಕುಗಳಿಗೆ ನಾನೇ ಹೋಗುತ್ತೇನೆ ಎಂದು ಮೇಲಧಿಕಾರಿಯನ್ನು ಕೇಳಿದೆ.

"ವಾಸಿ ಆಗಲ್ಲ ಅಂತ ನೀವೇ ಹೇಳ್ತೀರಿ. ಮತ್ತೆ ಬಸ್ ಯಾಕ್ರೀ ಹತ್ತಬೇಕು?"

ಆ ಅನುಮಾನ ನನಗೂ ಇತ್ತು. ಆದರೂ ಪೀಡಿಸಿ, ಶ್ರೀನಿವಾಸಪುರಕ್ಕೆ ಮಾತ್ರ ಒಪ್ಪಿಗೆ ಪಡೆದೆ.

ಮೊದಲು ಜ್ವರದ ದಿನದ ಗುರುತಿಗೆಂದು ಹುಳುವಿನ ಮನೆಯ ಬಾಗಿಲಿಗೆ ಬಣ್ಣದ ಹಲಗೆ ತೂಗುಹಾಕಿದೆ. ಮುನಿಯಮ್ಮ ಅದರತ್ತ ನೋಡಲೇ ಇಲ್ಲ. ಅವರ ಕೈ ನೇರವಾಗಿ ಹೋಗುತ್ತಿದ್ದುದು ಸೊಪ್ಪಿನ ಮಂಕರಿಗೆ, ಆ ದೊಡ್ಡ ಬಿದಿರ ಬುಟ್ಟಿಗೆ. ಹಾಗಾಗಿ ಜ್ವರದ ದಿನ ಸರೋಜ ಖಾಲಿ ಮಂಕರಿಯನ್ನು ಹೊಸ್ತಿಲಲ್ಲಿ ಬೋರಲು ಹಾಕುವುದೆಂದಾಯಿತು. ಅದನ್ನು ಕಂಡೊಡನೆ ಮುನಿಯಮ್ಮ ನಿಲ್ಲಬೇಕು, ಕಾರಣವನ್ನು ಬಾಯಿಬಿಟ್ಟು ಹೇಳಬೇಕು, ಹಿಂದಿರುಗಬೇಕು. ನಾನು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಇನ್ನೂ ಹೆಚ್ಚು ಹೊತ್ತು ಬಿಟ್ಟು, ಮಂಕರಿ ಬೋರಲಿದ್ದರೆ ಏನು ಮಾಡಬೇಕೆಂದು ಕೇಳುತ್ತಿದ್ದೆ. ನೆನಪು ಉಳಿಯುವಂತೆ ಮಾಡುವ ಕ್ರಮ ಅದು.

"ಏಮಯ್ಯಾ, ಮರೆವು ನಿಂಗಾ ನಂಗಾ? ಈಗ್ತಾನೆ ಹೇಳಿದ್ನಲ್ಲ," ಎಂದು ಮುನಿಯಮ್ಮ ತೆಲುಗು ಬೆರೆಸಿ ಛೇಡಿಸಿದರು. ಸರೋಜ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮುಂದಿನ ಬೆಳೆಯ ಹೊತ್ತಿಗೆ ಅವಳೇ ಬೀಗ ತೆಗೆದಳು. "ಹೋಗಿ ಅತ್ತೆ, ನಾನು ಹಿಂದೇನೇ ಇರ್ತೀನಿ."

ಆ ಸಲ ಬೆಳೆ ಕೆಡದೆ ರೇಷ್ಮೆಗೂಡು ಕೈಗೆ ಬಂತು. ಮಂಕರಿಯಿಂದ ಬಂತೋ, ಸರೋಜಳ ತಾಳ್ಮೆಯಿಂದಲೋ, ಸಾಬೀತು ಮಾಡಲಾರೆ.

ನನಗೆ ವರ್ಗವಾಯಿತು, ತರಬೇತಿ ಅಲ್ಲಿಗೇ ನಿಂತಿತು. ಮುಳಬಾಗಿಲಿಗೂ ಮಾಲೂರಿಗೂ ಹೋಗುವ ಬಸ್ಸನ್ನು ಆ ಕೆಲಸಕ್ಕಾಗಿ ನಾನು ಹತ್ತಲೇ ಇಲ್ಲ. ಆ ಬಸ್ಸುಗಳನ್ನು ಕಂಡರೆ ಇವತ್ತಿಗೂ ಜೀವ ಎಳೆಯುತ್ತದೆ.

ಕೊನೆಯ ಸಲ ಹೇಳಿಹೋಗಲೆಂದು ಹಳ್ಳಿಗೆ ಹೋದಾಗ ಮುನಿಯಮ್ಮನಿಗೆ ನನ್ನ ಗುರುತು ಹತ್ತಲಿಲ್ಲ. ಹುಳುವಿನ ಮನೆಯತ್ತ ಹೆಜ್ಜೆಯಿಟ್ಟೆ. ಹೊಸ್ತಿಲಲ್ಲಿ ಮಂಕರಿ ಬೋರಲಾಗಿತ್ತು. ಅವರು ನನ್ನ ತೋಳು ಹಿಡಿದು ನಿಲ್ಲಿಸಿದರು.

"ಯಾರಪ್ಪ ನೀನು? ಒಳಕ್ಕೆ ಹೋಗ್ಬೇಡ. ಹುಳ ಜ್ವರಕ್ಕೆ ಕೂತವೆ."

ಕನ್ನಡದಲ್ಲಿ ಹೇಳಿದರೋ ತೆಲುಗಿನಲ್ಲೋ, ಈಗ ಖಾತ್ರಿಯಿಲ್ಲ. ನನ್ನ ನೆನಪನ್ನೇ ನಾನು ಪೂರ್ತಿ ನಂಬುವ ಕಾಲ ಮುಗಿದಿದೆ. ಮರೆಯುವವರನ್ನು ಮೊದಲು ಕೇಳಬೇಕಾದದ್ದು ಏನು ಮರೆತಿರಿ ಎಂದಲ್ಲ, ಯಾವ ಬಾಗಿಲು ತೆರೆದಿರಬೇಕು ಎಂದು. ವೃತ್ತಿ ನನಗೆ ಕಲಿಸಿದ್ದು ಇಷ್ಟು. ನನ್ನ ಸರದಿ ಬಂದಾಗ ಅದನ್ನು ಕೇಳಲು ಯಾರಾದರೂ ಬಸ್ಸು ಹತ್ತಿ ಬಂದಾರೆಂದು ಕಾಯುತ್ತೇನೆ.