ಮೈ ತಣ್ಣಗಾದದ್ದೇ ಗಂಡಾಂತರ

೧೯೯೮ರಲ್ಲಿ ನಾನು ಶಹಾಬಾದಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೆ. ಅದು ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಊರು, ಸುತ್ತಲೂ ಕಲ್ಲಿನ ಗಣಿಗಳು. ಗಾಯವಾದರೆ ಅಲ್ಲೇ ಬಿದ್ದ ಕಲ್ಲಿನ ಪುಡಿಯನ್ನು ಒತ್ತಿ, ಬಟ್ಟೆ ಸುತ್ತಿ, ಮತ್ತೆ ಕೆಲಸಕ್ಕೆ ಕೂರುವುದು ಗಣಿಯವರ ರೂಢಿ. ಬೇಡಿರಪ್ಪಾ ಎಂದು ಬೈದು ಬೈದು ನನ್ನ ಗಂಟಲು ಒಣಗಿತ್ತು.

ಆ ಬೇಸಿಗೆಯಲ್ಲಿ ಮಲ್ಲಪ್ಪ ಎಂಬ ಕಲ್ಲು ಒಡೆಯುವ ಆಳನ್ನು ಕರೆತಂದರು. ಪುಡಿ ಒತ್ತಿದ್ದ ಪಾದದ ಗಾಯ ಕೀವಾಗಿ ಕಾಲು ಮೊಣಕಾಲಿನವರೆಗೆ ಬಾತಿತ್ತು. ಮೈ ಕೆಂಡ. ಕೀವು ತೆಗೆದು, ಸಲೈನ್ ಹಚ್ಚಿ, ಆಂಟಿಬಯೋಟಿಕ್ ಶುರುಮಾಡಿದೆ. ಮರುದಿನ ಬೆಳಿಗ್ಗೆ ಅವನ ಅಣ್ಣ ಶರಣಪ್ಪ ನಗುತ್ತಲೇ ಎದುರಾದ.

"ಜರ ಇಳದದ್ರಿ ಸಾಹೇಬ್ರ. ಮೈ ತಣ್ಣಗಾಗ್ಯದ. ಮನಿಗಿ ಒಯ್ತೀವಿ."

ಮುಟ್ಟಿದೆ. ಮೈ ತಣ್ಣಗೇನೋ ಇತ್ತು, ಆದರೆ ಬೆವರಿನಿಂದ ತೊಯ್ದಿತ್ತು. ನಾಡಿ ಕೈಗೆ ಸಿಗದಷ್ಟು ಸಣ್ಣಗೆ ಭರಭರ ಓಡುತ್ತಿತ್ತು. ರಕ್ತದೊತ್ತಡ ಎಂಬತ್ತಕ್ಕೂ ಕೆಳಗೆ. ಇದು ಸೆಪ್ಟಿಕ್ ಶಾಕ್.

ಸೋಂಕು ಹೊಕ್ಕಾಗ ನಮ್ಮ ರಕ್ಷಣಾ ಕೋಶಗಳು ಸೈಟೊಕೈನ್ ಎಂಬ ಅಣುಗಳನ್ನು ಬಿಟ್ಟು ಒಂದನ್ನೊಂದು ಕರೆಯುತ್ತವೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್ ಇವೆಲ್ಲ ಆ ಜಾತಿಯವು. ಹದದಲ್ಲಿದ್ದರೆ ಅವೇ ನಮ್ಮನ್ನು ಕಾಯುತ್ತವೆ. ಅತಿಯಾದರೆ ರಕ್ತನಾಳಗಳು ಸಡಿಲಗೊಂಡು ಸೋರುತ್ತವೆ, ಒತ್ತಡ ಕುಸಿದು ಕಿಡ್ನಿ, ಮಿದುಳಿಗೆ ರಕ್ತ ಸಾಲದಾಗುತ್ತದೆ, ಚರ್ಮಕ್ಕೂ ರಕ್ತ ಬಾರದೆ ಮೈ ತಣ್ಣಗಾಗುತ್ತದೆ. ಇದನ್ನು ಶರಣಪ್ಪನಿಗೆ ಹೇಳುವುದು ಹೇಗೆ?

"ಕಳ್ಳ ಹೊಕ್ಕಾನಂತ ಊರಮಂದಿ ಬಡಿಗಿ ಹಿಡಕೊಂಡು ನುಗ್ಗಿ ಮನೀನೇ ಕೆಡವಲಾಕತ್ತಾರಪ್ಪ. ನಿನ್ನ ತಮ್ಮನ ಮೈಯಾಗ ಹಂಗ ಆಗ್ಯದ. ಈಗಿಂದೀಗ ಕಲಬುರಗಿಗಿ ಒಯ್ಯಬೇಕು."

"ಜರ ಇಳದ ಮ್ಯಾಲ ಖಾಲಿಪೀಲಿ ಯಾಕ್ ಅಂಜಸ್ತೀರಿ?" ಎನ್ನುತ್ತ ಅವನು ಸಲೈನ್ ಸೂಜಿ ಕೀಳಲು ಕೈ ಚಾಚಿದ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಮನೆಯವರ ಒಪ್ಪಿಗೆಯಿಲ್ಲದೆ ನಾನೇನು ಮಾಡಲಿ?

ಮೂಲೆಯಲ್ಲಿ ಮಲ್ಲಪ್ಪನ ಹೆಂಡತಿ ನೀಲಮ್ಮ ಮುಖದ ತುಂಬ ಸೆರಗು ಎಳೆದುಕೊಂಡು ನಿಂತಿದ್ದಳು. ಗಂಡನ ಅಣ್ಣನೆದುರು ಬಾಯಿ ತೆರೆಯುವ ಪದ್ಧತಿ ಅವರ ಮನೆಯಲ್ಲಿರಲಿಲ್ಲ. ಲಗ್ನವಾದಾಗಿನಿಂದ ಅವಳು ಭಾವನೊಡನೆ ಒಂದು ಮಾತೂ ಆಡಿರಲಿಲ್ಲವಂತೆ. ಅಂಥವಳು ಸರ್ರನೆ ಬಂದು ಮಂಚಕ್ಕೆ ಅಡ್ಡ ನಿಂತಳು.

"ಸೂಜಿ ಮುಟ್ಟಬ್ಯಾಡ್ರಿ ಭಾವಾ. ಇವ್ರು ನನ್ನ ಗುರ್ತಾನೂ ಹಿಡೀವಲ್ರು. ಸಾಹೇಬ್ರ, ನಾ ಹೂಂ ಅಂತೀನಿ, ಕಳಸ್ರಿ."

ಶರಣಪ್ಪ ಬೆಪ್ಪಾಗಿ ಕೈ ಹಿಂದಕ್ಕೆಳೆದುಕೊಂಡ. ಸಲೈನ್ ಜೋರಾಗಿ ಬಿಟ್ಟು, ಒತ್ತಡ ಏರಿಸುವ ಡೋಪಮೈನ್ ಹಚ್ಚಿ, ಜೀಪಿನಲ್ಲಿ ನಾನೇ ಜೊತೆಗೆ ಹೋದೆ. ಕಲಬುರಗಿಯಲ್ಲಿ ಕಾಲಿನ ಎರಡು ಬೆರಳು ತೆಗೆಯಬೇಕಾಯಿತು. ಜೀವ ಉಳಿಯಿತು.

ದೀಪಾವಳಿಯ ಹೊತ್ತಿಗೆ ಮೂವರೂ ಬಂದರು. ಶರಣಪ್ಪ ನನ್ನ ಕಾಲಿಗೆ ಬಾಗಿದ. "ನನಗಲ್ಲೋ ಮಾರಾಯ, ಅಕಿಗಿ ಹೇಳು" ಎಂದೆ. ಅವನು ನೆಲ ನೋಡುತ್ತ, "ನೀಲವ್ವಾ, ನೀ ಬಾಯಿ ಬಿಟ್ಟಿದ್ದಕ್ಕ ನನ್ನ ತಮ್ಮ ಉಳದಾನ" ಎಂದ. ಆಕೆ ಸೆರಗಿನೊಳಗೇ ಬಿಕ್ಕಿದಳು. ನನ್ನ ಕಣ್ಣೂ ತುಂಬಿತು, ಯಾಕೆ ಸುಳ್ಳು ಹೇಳಲಿ.

ಸೈಟೊಕೈನ್‌ಗಳ ಬಗ್ಗೆ ಆಮೇಲೆ ಎಷ್ಟೋ ಓದಿದೆ. ಆದರೆ ಓದಿದ್ದು ರೋಗಿಯನ್ನು ಮುಟ್ಟಬೇಕಾದರೆ ಮನೆಯವರಲ್ಲಿ ಒಬ್ಬರಾದರೂ ಹೂಂ ಎನ್ನಬೇಕು. ಅಂದಿನಿಂದ ಕೇಸು ವಿವರಿಸುವಾಗ ಮೂಲೆಯಲ್ಲಿ ನಿಂತ ಹೆಂಗಸನ್ನೇ ಮೊದಲು ಹತ್ತಿರ ಕರೆಯುತ್ತಿದ್ದೆ. ಹಾಗೆ ಉಳಿದ ಜೀವಗಳೆಲ್ಲ ನೀಲಮ್ಮನ ಪುಣ್ಯ.