ಹತ್ತು ಮನೆಗಳ ಪರವಾಗಿ

ಜೀವನದಲ್ಲಿ ನನ್ನನ್ನು ಯಾವುದಕ್ಕೂ ಯಾರೂ ಆರಿಸಿದ್ದಿಲ್ಲ. ಸಾಲೆಯ ಕಬಡ್ಡಿ ತಂಡಕ್ಕೂ ಇಲ್ಲ. ಹೀಗಿರುವಾಗ, ಅರವತ್ತರ ದಶಕದ ಒಂದು ರವಿವಾರ, ಧಾರವಾಡದಿಂದ ಸಂಶೋಧನೆಗೆಂದು ಬಂದ ಹುಡುಗಿಯೊಬ್ಬಳು ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಮನೆ ಎಣಿಸುತ್ತ ಬಂದು ನಮ್ಮ ಬಾಗಿಲಲ್ಲೇ ನಿಂತರೆ ಎದೆ ಉಬ್ಬದಿರುತ್ತದೆಯೇ, ನೀವೇ ಹೇಳಿ.

"ಹತ್ತು ಮನಿಗೆ ಒಂದು ಮನಿ ಕೇಳ್ತೇವ್ರಿ. ನೀವು ಹೇಳಿದ್ದು ಉಳಿದವ್ರ ಪರವಾಗಿ ಹೇಳಿದಂಗ," ಎಂದಳು. ಗೃಹಿಣಿಯರ ದಿನಚರಿ ಅವಳ ವಿಷಯ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಚುಕಿದರೆ ಸಾಕು, ಇದೂ ಹಾಗೆಯೇ ಎಂದು ನಾನು ಮಾಸ್ತರಿಕೆಯ ಗತ್ತಿನಲ್ಲಿ ಹೆಂಡತಿ ಶಾಂತಾಳಿಗೆ ವಿವರಿಸಿದೆ. ಅಗುಳಿಗೂ ಒಂದು ಅಭಿಪ್ರಾಯವಿದ್ದೀತೆಂದು ನನಗೆ ಹೊಳೆದಿರಲಿಲ್ಲ.

"ಹತ್ತು ಮನಿ ಮಾನ ನಾ ಒಬ್ಬಾಕಿ ಹೆಂಗ ಹೊರಲ್ರಿ? ತಡೀರಿ," ಎಂದವಳೇ ಶಾಂತಾ ಓಣಿಗಿಳಿದಳು. ಸ್ವಲ್ಪ ಹೊತ್ತಿಗೆ ನೆರೆಹೊರೆಯ ಹೆಂಗಸರಿಂದ ಪಡಸಾಲೆ ತುಂಬಿತು. ಎದುರುಮನೆಯ ಮಾಲನ್‌ಬಿಯದೇ ಮುಂದಾಳತ್ವ. ರೊಟ್ಟಿ ಎಷ್ಟು ಬಡಿಯುತ್ತೀರಿ ಎಂದರೆ ತಕರಾರು, ಎಷ್ಟಕ್ಕೆ ಏಳುತ್ತೀರಿ ಎಂದರೆ ಪೈಪೋಟಿ. ಗಂಡ ಮನೆಗೆಲಸಕ್ಕೆ ಕೈಹಚ್ಚುತ್ತಾನೆಯೇ ಎಂದಾಗ ಮಾತ್ರ ಒಕ್ಕೊರಲಿನ ನಗು. ನಾನು ಪತ್ರಿಕೆಯನ್ನು ಮುಖದ ಮಟ್ಟಕ್ಕೆ ಏರಿಸಿದೆ.

ಹುಡುಗಿ ಅಳುವಂತಾದಳು. "ಅಕ್ಕಾರ, ಹಿಂಗ ಎಲ್ಲಾರೂ ಕೂಡಿ ಹೇಳಿದ್ರ ಮಾದರಿ ಕೆಡ್ತದರಿ! ಕಡೀ ಪ್ರಶ್ನಿಗಾದ್ರೂ ನೀವೊಬ್ರ ಹೇಳ್ರಿ. ದಿನಾ ಒಂದು ತಾಸು ಬಿಡುವು ಸಿಕ್ರ ಏನ್ ಮಾಡ್ತೀರಿ?"

ಶಾಂತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಲಗ್ನ ಆತಂತ ಸಾಲಿ ಬಿಡಿಸಿದ್ರು. ಮ್ಯಾಟ್ರಿಕ್ ಕಟ್ಟಬೇಕಂತ ಭಾಳ ಆಸೆ ಐತ್ರಿ."

ಊರ ಮಕ್ಕಳಿಗೆಲ್ಲ ಪಾಠ ಹೇಳುವ ನನಗೆ ಅದು ಹೊಸ ಸುದ್ದಿ. ಅಷ್ಟು ವರ್ಷಗಳ ಸಂಸಾರದಲ್ಲಿ ನಾನು ಅವಳಿಗೆ ಹಾಕಿದ್ದ ಪ್ರಶ್ನೆ ಒಂದೇ: "ಚಾ ಆತೇನು?"

ಅಂದು ಸಂಜೆ ಚಾ ನಾನೇ ಮಾಡಿದೆ. ಕುಡಿಯುವಂತಿರಲಿಲ್ಲ, ಆದರೂ ಕುಡಿದಳು. ಮರುದಿನವೇ ಅಂಕಗಣಿತ ಶುರುವಾಯಿತು. ವಾರ ಕಳೆಯುವುದರೊಳಗೆ ಮಾಲನ್‌ಬಿ ಹೊಸ್ತಿಲಿಗೆ ಬಂದು ನಿಂತಳು. "ಮಾಸ್ತರ, ನನ್ನ ಉತ್ತರಾನೂ ಅದ ಇತ್ರಿ. ಆ ಹುಡುಗಿ ನನ್ನ ಕೇಳ್ಲಿಲ್ಲ."

ನಾನು ಚಾಪೆ ತೋರಿಸಿದೆ. ಮುಂದೆ ಮ್ಯಾಟ್ರಿಕ್ಕಿನಲ್ಲಿ ಮಾಲನ್‌ಬಿ ಮೊದಲ ಸಲಕ್ಕೇ ಪಾಸಾದಳು. ಶಾಂತಾ ಎರಡನೆಯ ಸಲಕ್ಕೆ. ನಮ್ಮ ಮನೆಯಲ್ಲಿ ಈ ವಿಷಯವನ್ನು ಗಟ್ಟಿಯಾಗಿ ಆಡುವಂತಿಲ್ಲ.

ಹುಡುಗಿ ನಮ್ಮ ಓಣಿಯ ಬಗ್ಗೆ ಏನು ಬರೆದಳೋ ತಿಳಿಯದು. ಹತ್ತರಲ್ಲಿ ಒಬ್ಬಾಕೆಗೆ ಓದುವ ಆಸೆ ಎಂದು ಬರೆದಿದ್ದರೆ, ಪಾಪ, ಬರೆದ ಮಸಿ ಆರುವ ಮೊದಲೇ ಅದು ತಪ್ಪಾಗಿತ್ತು. ನಮ್ಮ ಪಡಸಾಲೆಯಲ್ಲಿ ಆಗಲೇ ಚಾಪೆ ಸಾಲದೆ ಗೋಣಿತಟ್ಟು ಹಾಸಿದ್ದೆವು.