ವಿಳಾಸ ಸಮೇತ ಪ್ರಾರ್ಥನೆ

ಪೋಸ್ಟಣ್ಣನಿಗೆ ದೇವರ ಮೇಲೆ ಬೆಟ್ಟದಷ್ಟು ನಂಬಿಕೆಯಿತ್ತು. ದೇವರ ಬಟವಾಡೆಯ ಮೇಲೆ ಮಾತ್ರ ಅಷ್ಟು ಭರವಸೆ ಇರಲಿಲ್ಲ. ಜೀವಮಾನವೆಲ್ಲ ಟಪಾಲು ಚೀಲ ಹೊತ್ತು ಬೀದಿ ಸುತ್ತಿದವನು ಅವನು. ಕಳಿಸುವವರು ಎಷ್ಟೇ ದೊಡ್ಡವರಾಗಿರಲಿ, ವಿಳಾಸ ಸರಿಯಿಲ್ಲದಿದ್ದರೆ ಯಾವುದೂ ತಲುಪುವುದಿಲ್ಲ ಎಂಬುದು ಅವನು ಸವೆಸಿದ ಚಪ್ಪಲಿಗಳಿಗೂ ಗೊತ್ತಿತ್ತು. ಹಾಗಾಗಿ ನಿವೃತ್ತನಾಗಿ ಚರ್ಚಿನ ಪ್ರಾರ್ಥನಾ ಕೂಟ ಸೇರಿದ ಮೇಲೆ, ರೋಗಿಗಳಿಗಾಗಿ ಬೇಡುವಾಗಲೂ ಪೂರ್ತಿ ವಿಳಾಸ ಕೊಟ್ಟೇ ಬೇಡುತ್ತಿದ್ದ.

ಉಳಿದವರು ದರ್ಜಿಯ ಮಂಡಿನೋವು ವಾಸಿಮಾಡು ಕರ್ತನೇ ಎಂದು ಒಂದೇ ಉಸಿರಿಗೆ ಮುಗಿಸಿದರೆ, ಪೋಸ್ಟಣ್ಣ ಎದ್ದು ನಿಂತು, ಕಣ್ಣು ಮುಚ್ಚಿ, ದರ್ಜಿಯ ಬೀದಿ, ತಿರುವು, ಬಾಗಿಲಿನ ಬಣ್ಣ ಎಲ್ಲ ಒಪ್ಪಿಸಿ, ಅಂಗಳದಲ್ಲಿ ನಾಯಿಯಿದೆ ಎಂದು ಎಚ್ಚರಿಸಿ, ಆಮೇಲೆ ಮಂಡಿಗೆ ಬರುತ್ತಿದ್ದ. ಅದರಲ್ಲೂ ಎಡಮಂಡಿ ಎಂದು ಬಿಡಿಸಿ ಹೇಳುತ್ತಿದ್ದ. ಹಿಂದಿನ ಬೆಂಚಿನವರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುತ್ತಿದ್ದರು. ದೇವರಿಗೆ ಎಲ್ಲ ಗೊತ್ತಿರುತ್ತದಪ್ಪ ಎಂದು ಪಾದ್ರಿ ಒಮ್ಮೆ ಮೆತ್ತಗೆ ಹೇಳಿ ನೋಡಿದರು.

"ದೇವರಿಗೆ ಗೊತ್ತಿರುತ್ತೆ ಅಯ್ಯನೋರೇ. ತಂದುಕೊಡೋ ದೂತ ಹೊಸಬ ಆಗಿದ್ರೆ?" ಎಂದ ಪೋಸ್ಟಣ್ಣ.

ಪಾದ್ರಿ ಆಮೇಲೆ ಆ ತಂಟೆಗೆ ಹೋಗಲಿಲ್ಲ.

ಇಂಥವನ ಅಕ್ಕನಿಗೇ ಕಾಯಿಲೆ ಬಂತು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಬಟನ್ ಅಂಗಡಿಯ ಮೇಲಿನ ಕೋಣೆಯಲ್ಲಿ ಊರವರ ಬಟ್ಟೆ ಇಸ್ತ್ರಿ ಮಾಡಿಕೊಂಡು ಒಂಟಿಯಾಗಿ ಬದುಕಿದವಳು. ಹೊಟ್ಟೆಯಲ್ಲಿ ಗಡ್ಡೆ ಎಂದು ಹೇಳಿ ಡಾಕ್ಟರು ಕೈಚೆಲ್ಲಿದರು. ಹೆಂಡತಿ ತೀರಿಹೋದ ಮೇಲೆ ಒಬ್ಬನೇ ಇದ್ದ ಪೋಸ್ಟಣ್ಣ, ಅಕ್ಕನನ್ನು ತನ್ನ ಮನೆಗೇ ಕರೆತಂದು, ಬೀದಿ ಕಾಣುವ ಕಿಟಕಿಯ ಪಕ್ಕ ಮಂಚ ಹಾಕಿಕೊಟ್ಟ. ಅವಳಿಗೆ ಸಕ್ಕರೆ ಕಾಯಿಲೆಯೂ ಇತ್ತು. ಚಹಾಕ್ಕೆ ಚಿಟಿಕೆಗಿಂತ ಹೆಚ್ಚು ಸಕ್ಕರೆ ಹಾಕಬಾರದೆಂದು ಡಾಕ್ಟರು ಹೇಳಿದ್ದರು. ಪೋಸ್ಟಣ್ಣ ಕಾನೂನು ಮೀರುವವನಲ್ಲ. ಸಾಯೋಳಿಗೆ ಇದೆಂಥ ಪಥ್ಯವೋ ಎಂದು ಅಕ್ಕ ದಿನಾ ಬೆಳಿಗ್ಗೆ ಲೋಟ ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದಳು. ಅಕ್ಕ ಸಾಯುವುದಿಲ್ಲ ಎಂದು ಅವನು ಹಟ ಹಿಡಿದಿದ್ದ.

ಕೂಟದಲ್ಲಿ ಅವನ ಪ್ರಾರ್ಥನೆ ಈಗ ಬಿರುಸಾಯಿತು. ಆದರೆ ಅಕ್ಕ ಎನ್ನಲು ಹೋದರೆ ಅಳು ಬಂದುಬಿಡುತ್ತಿತ್ತು. ಅದಕ್ಕೆ ಆ ಮನೆಯಲ್ಲಿ ಮಲಗಿರುವ ಜೀವ ಎಂದಷ್ಟೇ ಹೇಳಿ, ವಿಳಾಸವನ್ನು ನಾಲಿಗೆಗೆ ಬಿಟ್ಟುಬಿಡುತ್ತಿದ್ದ. ಅದು ತಾನಾಗಿಯೇ ಓಡುತ್ತಿತ್ತು.

ಹೀಗಿರಲು ಒಂದು ಭಾನುವಾರ, ದೇವರಿಂದಾದ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತಿನಲ್ಲಿ ಯಾರೋ ಅಪರಿಚಿತ ಎದ್ದು ನಿಂತ. ತಾನು ಗಡಿಯಾರ ರಿಪೇರಿ ಮಾಡುವವನು, ಚರ್ಚಿಗೆ ಬರುವವನೇ ಅಲ್ಲ ಎಂದ. ಎದೆಯಲ್ಲಿ ನೀರು ತುಂಬಿ, ಬಂಧುಬಳಗಕ್ಕೆ ಹೇಳಿಕಳಿಸಿ ಎಂದು ಡಾಕ್ಟರು ಹೇಳಿದ್ದರಂತೆ. ಇದ್ದಕ್ಕಿದ್ದಂತೆ ಉಸಿರು ಹಗುರಾಯಿತಂತೆ. ವಾರವಾರವೂ ಚರ್ಚಿನಲ್ಲಿ ಅವನ ಮನೆಗಾಗಿ ಪ್ರಾರ್ಥನೆ ನಡೆಯುತ್ತಿದೆಯೆಂದು ಬಟನ್ ಅಂಗಡಿಯಾಕೆ ಯಾರಿಂದಲೋ ಕೇಳಿ ಹೇಳಿದಳಂತೆ.

"ಅಂಗಡಿ ಮೇಲೆ, ಹಸಿರು ಬಾಗಿಲು, ಬೆಲ್ ಕೆಟ್ಟಿದೆ, ಜೋರಾಗಿ ಬಡೀಬೇಕು ಅಂತ ಯಾರೋ ಹೇಳ್ತಿದ್ರಂತೆ," ಎಂದ. "ಬಾಗಿಲು ನಂದೇ. ಯಾರು ಅಂತ ತೋರಿಸಿದ್ರೆ ಕಾಲಿಗೆ ಬೀಳ್ತೀನಿ."

ಇಡೀ ಸಭೆ ಪೋಸ್ಟಣ್ಣನತ್ತ ತಿರುಗಿತು. ಪೋಸ್ಟಣ್ಣನಿಗೆ ಆಗ ಹೊಳೆಯಿತು. ಅಕ್ಕ ಬಿಟ್ಟುಬಂದ ಕೋಣೆಗೆ ಬಾಡಿಗೆಗೆ ಬಂದವನು ಇವನು! ಅಷ್ಟು ದಿನ ತಾನು ಬೇಡಿದ್ದೆಲ್ಲ ಹಳೇ ವಿಳಾಸಕ್ಕೆ ಹೋಗಿತ್ತು. ಸೇವೆಯಲ್ಲಿದ್ದಷ್ಟು ಕಾಲ ಒಂದು ಕಾರ್ಡನ್ನೂ ತಪ್ಪು ಬಾಗಿಲಿಗೆ ಹಾಕದವನು, ಒಡಹುಟ್ಟಿದವಳ ಜೀವವನ್ನು ತಪ್ಪು ಬಾಗಿಲಿಗೆ ಹಾಕಿದ್ದ.

ಮನೆಗೆ ಬಂದು ಅಕ್ಕನ ಮಂಚದ ಬಳಿ ಕೂತು, ಕಳ್ಳನ ಹಾಗೆ ತಲೆ ತಗ್ಗಿಸಿ ಎಲ್ಲ ಹೇಳಿದ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನೋವಿಗೆ ಕಣ್ಣಲ್ಲಿ ನೀರು ಬಂದರೂ ನಗು ನಿಲ್ಲಲಿಲ್ಲ. ಪೋಸ್ಟಣ್ಣನಿಗೆ ನಗು ಎಲ್ಲಿಂದ ಬರಬೇಕು? ತಕ್ಷಣ ಮಂಡಿಯೂರಿ, ತಿದ್ದುಪಡಿ ಸಮೇತ ಪ್ರಾರ್ಥನೆ ಶುರುಮಾಡಿದ. ಬೀದಿಯ ಹೆಸರಾಯಿತು, ತಿರುವಾಯಿತು, ಮನೆ ನಂಬರಿಗೆ ಬಂದು ತಡವರಿಸಿ ನಿಂತ. ಊರವರ ಬಾಗಿಲುಗಳೆಲ್ಲ ಬಾಯಿಪಾಠ, ತನ್ನ ಮನೆಗೆ ಮಾತ್ರ ಯಾವತ್ತೂ ಯಾರೂ ಏನೂ ಕಳಿಸಿದ್ದಿಲ್ಲ. ಒಂದು ನಿಮಿಷ ಸ್ವಾಮಿ ಎಂದು ದೇವರಿಗೆ ಹೇಳಿ, ನಂಬರು ನೋಡಲು ಹೊರಗೆ ಓಡಿದ.

ಅವನು ವಾಪಸ್ ಬಂದಾಗ ಅಕ್ಕ ನಗುತ್ತಿರಲಿಲ್ಲ.

"ಸಾಕು ಬಾರೋ," ಎಂದಳು. "ಬಟವಾಡೆ ಆದದ್ದನ್ನ ವಾಪಸ್ ಕೇಳೋ ಹಾಗಿಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲ. ಅವನು ಬದುಕಿಕೊಳ್ಳಲಿ."

"ನನ್ನ ತಪ್ಪಿಂದ ನೀನು..."

"ತಪ್ಪಲ್ಲ ಕಣೋ. ಆ ಮನೇಲಿ ನಾನು ಚೆನ್ನಾಗಿದ್ದೆ. ನಿನ್ನ ನಾಲಿಗೆಗೆ ನನ್ನನ್ನ ಅಲ್ಲಿಂದ ಎಬ್ಬಿಸೋಕೆ ಮನಸ್ಸು ಬರಲಿಲ್ಲ, ಅಷ್ಟೇ."

ಪೋಸ್ಟಣ್ಣ ಅವಳ ಹಾಸಿಗೆಗೆ ಮುಖ ಒತ್ತಿ ಅತ್ತ. ಅಷ್ಟು ವಯಸ್ಸಾದವನು ಸದ್ದು ಮಾಡಿ ಅತ್ತ. ಇನ್ನು ಗುಣವಾಗಲಿ ಎಂದು ಬೇಡಬೇಡ, ನೋವು ಕಡಿಮೆಯಾಗಲಿ ಎಂದು ಬೇಡಿಕೋ, ವಿಳಾಸ ಬೇಕಿದ್ದರೆ ಹೇಳು ಎಂದು ಅಕ್ಕ ಅವನ ಬೋಳುತಲೆ ಸವರಿದಳು.

ಗಡಿಯಾರದವನು ವಿಷಯ ತಿಳಿದು ಓಡೋಡಿ ಬಂದ. ಬೇರೆಯವರ ಊಟ ಉಂಡವನಂತೆ ಬಾಗಿಲಲ್ಲೇ ಸಂಕೋಚದಿಂದ ನಿಂತ. ಅಕ್ಕ ಅವನನ್ನು ಒಳಗೆ ಕರೆದು, ಅವನ ಜೇಬಿನಲ್ಲಿದ್ದ ಸಿಗರೇಟು ಪ್ಯಾಕು ಕಸಿದು ಕಿಟಕಿಯಾಚೆ ಎಸೆದಳು. ನನ್ನ ಪಾಲಿನ ಉಸಿರು ಅದು, ಸುಟ್ಟು ಹಾಳುಮಾಡಬೇಡ ಎಂದು ಗದರಿದಳು. ಆಮೇಲೆ ಅವನು ದಿನಾ ಬರತೊಡಗಿದ. ನಿಂತುಹೋದ ಅವಳ ಟೈಂಪೀಸನ್ನು ರಿಪೇರಿ ಮಾಡಿಕೊಟ್ಟ. ನೋವು ನಿಜಕ್ಕೂ ಕಡಿಮೆಯಾಯಿತು. ಒಂದು ಮಧ್ಯಾಹ್ನ, ಅವನೂ ಪೋಸ್ಟಣ್ಣನೂ ಅವಳ ಪಕ್ಕದಲ್ಲಿ ಕೂತು ಯಾವ ಗಡಿಯಾರ ಸರಿ ಎಂದು ವಾದಿಸುತ್ತಿರುವಾಗ, ಅಕ್ಕ ಸದ್ದಿಲ್ಲದೆ ಹೊರಟುಹೋದಳು.

ಮುಂದಿನ ಕೂಟದಲ್ಲಿ ಪೋಸ್ಟಣ್ಣ ಎಂದಿನಂತೆ ಎದ್ದು ನಿಂತು ಕಣ್ಣು ಮುಚ್ಚಿದ. ಹಿಂದಿನ ಬೆಂಚಿನಲ್ಲಿ ಯಾರೂ ಕರವಸ್ತ್ರ ತೆಗೆಯಲಿಲ್ಲ. ಬೀದಿ, ತಿರುವು, ಬಾಗಿಲ ಬಣ್ಣ ಯಾವುದೂ ಬರಲಿಲ್ಲ.

"ಕರ್ತನೇ, ನನ್ನ ಅಕ್ಕ ನಿನ್ನ ಮನೆಗೇ ಬಂದಿದ್ದಾಳೆ. ವಿಳಾಸ ನಾನು ಹೇಳೋದೇನಿದೆ. ಬೆಳಿಗ್ಗೆ ಚಹಾಕ್ಕೆ ಸಕ್ಕರೆ ಮಾತ್ರ ಸ್ವಲ್ಪ ಜಾಸ್ತಿ ಹಾಕು."

ಗಡಿಯಾರದವನು, ತುಂಬು ಉಸಿರು ಎಳೆದುಕೊಂಡು, ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದ.